ರಾತ್ರಿ ಪಾಳಿಯ ಕಾಯಕ: ಮನಸ್ಸಿನ ಭಾರ, ಮನೆಯ ಹೊಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನು ಒಳಗೊಂಡ ನಮ್ಮ ಈ ಸೀಮೆಯ ನೆಲದ ಮೇಲೆ ತೊಗರಿ, ಜೋಳ ಬೆಳೆಯುತ್ತವೆ. ನೆಲದ ಕೆಳಗೆ ಸುಣ್ಣದ ಕಲ್ಲು ಹಾಸಿಕೊಂಡಿದೆ. ಮೇಲಿನದನ್ನು ನಂಬಿದ ಒಕ್ಕಲುತನಕ್ಕೆ ಬಹುಮಟ್ಟಿಗೆ ಹಗಲು ಸಾಕಾಗಿತ್ತು. ಕೆಳಗಿನದನ್ನು ನಂಬಿದ ಕಾರ್ಖಾನೆಗಳಿಗೆ ಹಗಲೂ ಬೇಕು, ಇರುಳೂ ಬೇಕು. ತೆಂಗಳಿಯಂತಹ ಹಳ್ಳಿಯ ತರುಣನೊಬ್ಬನಿಗೆ ಕಾರ್ಖಾನೆಯಲ್ಲಿಯೋ, ರೈಲ್ವೆಯಲ್ಲಿಯೋ, ಆಸ್ಪತ್ರೆಯಲ್ಲಿಯೋ ಕೆಲಸ ದೊರೆತಿತೆಂದರೆ ಮನೆಯವರು ಪೇಢೆ ಹಂಚುತ್ತಾರೆ, ಮಠಕ್ಕೆ ಬಂದು ಕಾಯಿ ಒಡೆಸುತ್ತಾರೆ. ಪಾಳಿಯ ಪಟ್ಟಿಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂದು ಬರೆದಿರುವುದನ್ನು ಆ ದಿನ ಯಾರೂ ಗಮನಿಸುವುದಿಲ್ಲ. ಅದರ ಅರ್ಥ ತಿಳಿಯುವುದು ಒಂದೆರಡು ವಾರಗಳ ನಂತರ.

ನಮ್ಮ ಭಾಗಕ್ಕೆ ರಾತ್ರಿಯ ಕೆಲಸ ಇಂದು ಬಂದುದಲ್ಲ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡತೊಡಗಿದಂದಿನಿಂದ ವಾಡಿ ಜಂಕ್ಷನ್ನಿನಲ್ಲಿ ಯಾರಾದರೊಬ್ಬರು ಇರುಳೆಲ್ಲ ಎಚ್ಚರವಿದ್ದೇ ಇದ್ದಾರೆ. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದಾಗಿತ್ತು. ವಾಡಿಯ ಕಾರ್ಖಾನೆ 1968ರದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿಯೂ ಸೇಡಂನಲ್ಲಿಯೂ 1980ರ ದಶಕದಲ್ಲಿ ಕಾರ್ಖಾನೆಗಳು ಬಂದವು. ಅನಂತರ ಚಿತ್ತಾಪುರ, ಚಿಂಚೋಳಿಗಳ ಕಡೆಗೂ ಹಬ್ಬಿದವು. ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಮೂಡಿಬಂದ ಕಾಗಿಣಾ ನದಿಯ ದಡದಲ್ಲಿ ಇಂದು ಇರುಳಿಡೀ ಉರಿಯುವುದು ಕಾರ್ಖಾನೆಯ ದೀಪಗಳು.

ರಾತ್ರಿಯ ಹೊತ್ತು ಯಂತ್ರವನ್ನು ನಿಲ್ಲಿಸಿ ಬೆಳಿಗ್ಗೆ ಮತ್ತೆ ನಡೆಸಬಾರದೇಕೆಂದು ಮನೆಯ ಹಿರಿಯರು ಕೇಳುವುದುಂಟು. ಸಿಮೆಂಟಿನ ಕಿಲ್ನ್ ಎಂಬುದು ಸುಣ್ಣ ಸುಡುವ ಊರ ಗೂಡಿನಂತಲ್ಲ. ಅದು ಒಂದಿಷ್ಟು ಓರೆಯಾಗಿ ಮಲಗಿ ನಿಧಾನವಾಗಿ ತಿರುಗುತ್ತಿರುವ ಉಕ್ಕಿನ ದೊಡ್ಡ ಕೊಳವೆ. ಒಳಗಡೆ ಬೆಂಕಿಯನ್ನು ತಾಳುವ ಇಟ್ಟಿಗೆಯ ಹೊದಿಕೆ. ಅಲ್ಲಿ ಕಲ್ಲಿನ ಪುಡಿಯು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತದೆ. ಅದನ್ನು ಜಿಪ್ಸಮ್ಮಿನೊಡನೆ ಅರೆದರೆ ಸಿಮೆಂಟು. ಈ ಶಾಖವನ್ನು ದಿನಕ್ಕೊಮ್ಮೆ ಆರಿಸಿ ದಿನಕ್ಕೊಮ್ಮೆ ಏರಿಸಿದರೆ ಒಳಗಿನ ಇಟ್ಟಿಗೆ ಬಿರಿದು ಉದುರುತ್ತದೆ. ಮತ್ತೆ ಕಾಯಿಸಲು ಎಷ್ಟೋ ಗಂಟೆಗಳು ಬೇಕು, ಸುಡುವ ಕಲ್ಲಿದ್ದಲು ವ್ಯರ್ಥವಾಗುತ್ತದೆ. ಆದುದರಿಂದ ಕಿಲ್ನ್ ಮಲಗುವಂತಿಲ್ಲ, ಅದನ್ನು ಕಾಯುವವನೂ ಮಲಗುವಂತಿಲ್ಲ. ಆಸ್ಪತ್ರೆಯ ರೋಗಿ, ರೈಲಿನ ಹಳಿ, ವಿದ್ಯುತ್ತಿನ ಸ್ಥಾವರ ಇವುಗಳ ಕಥೆಯೂ ಇದೇ. ರಾತ್ರಿ ಪಾಳಿಯನ್ನು ಯಾರದೋ ದುಷ್ಟತನವೆಂದು ಭಾವಿಸಿ ಕೊರಗುವವರಿಗೆ ಈ ಕಾರಣವನ್ನು ತಿಳಿಸಿ ಹೇಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಇನ್ನರ್ಧ ಇಳಿಯುವುದಿಲ್ಲ; ಅದಕ್ಕೆ ಬೇರೆಯೇ ಕಾರಣಗಳಿವೆ.

ಪುರಾಣ ಮುಗಿದ ಒಂದು ರಾತ್ರಿ ತೆಂಗಳಿಯ ತಾಯಿಯೊಬ್ಬರು ನಮ್ಮ ಬಳಿ ಬಂದು ಹೇಳಿದ ಮಾತಿದು: "ಶಾಸ್ತ್ರಿಗಳೇ, ನನ್ನ ಮಗ ಕೆಟ್ಟಿಲ್ಲರಿ. ಕುಡ್ಯಾಂಗಿಲ್ಲ, ಇಸ್ಪೀಟ ಆಡಂಗಿಲ್ಲ. ಆದ್ರ ರಾತ್ರಿ ಪಾಳಿಗಿ ಹೋಗಾಕ ಹತ್ತಿದ ಮ್ಯಾಲ ಮೊದಲಿನ ಮಗ ಅಲ್ಲ ಅನಸ್ತದ. ಸಂಜಿ ಆತಂದ್ರ ಅವನ ಮಾರಿ ಬಾಡ್ತದ. ಕೇಳಿದ್ರ ಏನಿಲ್ಲವ್ವ ಅಂತಾನ." ಆ ತಾಯಿಗೆ ಇನ್ನೊಂದು ಸಂಕಟವೂ ಇತ್ತು. ಮಗ ಬೆಳಿಗ್ಗೆ ಬಂದವನೇ ಸ್ನಾನ, ಪೂಜೆಗಳಿಲ್ಲದೆ ಮಲಗಿಬಿಡುತ್ತಾನೆ, ಎದ್ದಾಗ ಮಧ್ಯಾಹ್ನ, ಆಗ ಪೂಜೆ ಮಾಡಿಕೊಂಡರೆ ಸಲ್ಲುತ್ತದೆಯೋ ಇಲ್ಲವೋ? ಮಗನಿಗೂ ಅದೇ ಅಳುಕಂತೆ. ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲು ಹಿಂಜರಿಯುತ್ತಾನಂತೆ.

ಸಂಜೆಯಾಗುತ್ತಲೇ ಮುಖ ಬಾಡುವುದನ್ನು ಆ ತಾಯಿ ಸರಿಯಾಗಿ ಗುರುತಿಸಿದ್ದರು. ಹೊಸದಾಗಿ ರಾತ್ರಿ ಪಾಳಿಗೆ ಸೇರಿದ ಅನೇಕರು ಕೆಲಸದ ಹೊತ್ತಿಗಿಂತ ಹೆಚ್ಚಾಗಿ ಕೆಲಸಕ್ಕೆ ಹೊರಡುವ ಮುಂಚಿನ ಎರಡು ಗಂಟೆಗಳನ್ನು ಅಂಜುತ್ತಾರೆ. ಓಣಿಯವರೆಲ್ಲ ಕಟ್ಟೆಯ ಮೇಲೆ ಕೂಡುವ ಹೊತ್ತು, ಮಕ್ಕಳು ತಂದೆಯ ತೊಡೆಯೇರುವ ಹೊತ್ತು, ಒಲೆಯ ಮೇಲೆ ರೊಟ್ಟಿ ಬೇಯುವ ಹೊತ್ತು ತಾನೊಬ್ಬನೇ ಬೂಟು ಕಟ್ಟಿಕೊಂಡು ಹೊರಡಬೇಕು. ಇಡೀ ಊರು ಒಳಗೆ ಸೇರುವಾಗ ಹೊರಗೆ ಹೋಗುವುದು ಮನಸ್ಸಿಗೆ ಗಡೀಪಾರಿನಂತೆ ಕಾಣುತ್ತದೆ. ಆಮೇಲೆ ನಡುರಾತ್ರಿಯ ಒಂಟಿತನ. ಮೂರು, ನಾಲ್ಕು ಗಂಟೆಯ ಸುಮಾರಿಗೆ ಕಾರಣವಿಲ್ಲದೆ ಕಣ್ಣು ತುಂಬುವುದುಂಟೆಂದು ಗಟ್ಟಿಮುಟ್ಟಾದ ಗಂಡಸರು ನಮ್ಮೊಡನೆ ನಾಚುತ್ತ ಹೇಳಿಕೊಂಡಿದ್ದಾರೆ. ಮನೆಗೆ ಬಂದರೆ ಸಣ್ಣ ಮಾತಿಗೂ ಸಿಡುಕು. ಸಿಡುಕಿದ ಮೇಲೆ ಪಶ್ಚಾತ್ತಾಪ. ಪಶ್ಚಾತ್ತಾಪದಲ್ಲಿ ನಿದ್ರೆ ಬಾರದು. ನಿದ್ರೆ ಬಾರದಿದ್ದರೆ ಮರುದಿನ ಮತ್ತೆ ಸಿಡುಕು. ನೆರೆಯವರ ನಾಲಗೆಯಾದರೋ ಬೇರೆ. "ಹಗಲೆಲ್ಲ ಬಿದ್ಕೊಂಡಿರ್ತಾನ" ಎಂಬ ಮಾತು ಗೋಡೆ ದಾಟಿ ಕಿವಿಗೆ ಬೀಳುತ್ತದೆ.

ಶಿವರಾತ್ರಿಯ ಜಾಗರಣೆ ಮಾಡುವವರಿಗೆ ರಾತ್ರಿ ಪಾಳಿ ಯಾವ ಲೆಕ್ಕವೆಂದು ಕೆಲ ಹಿರಿಯರು ವಾದಿಸುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಶಿವರಾತ್ರಿ ವರ್ಷಕ್ಕೊಂದು, ಅಂದು ಊರಿಗೆ ಊರೇ ಎಚ್ಚರ, ಭಜನೆಯ ಮೇಳ, ಮರುದಿನ ಮಲಗಿದವನನ್ನು ಯಾರೂ ಎಬ್ಬಿಸುವುದಿಲ್ಲ. ಬ್ರಾಹ್ಮೀ ಮುಹೂರ್ತದ ಮಾತೂ ಹಾಗೆಯೇ. ಮಠದ ವಿದ್ಯಾರ್ಥಿಗಳಾಗಿದ್ದಾಗ ನಮ್ಮನ್ನೂ ನಾಲ್ಕು ಗಂಟೆಗೆ ಎಬ್ಬಿಸುತ್ತಿದ್ದರು. ಮಲಗಿ ಎದ್ದವನ ನಾಲ್ಕು ಗಂಟೆಯೇ ಬೇರೆ, ಮಲಗದೆ ಇದ್ದವನ ನಾಲ್ಕು ಗಂಟೆಯೇ ಬೇರೆ.

ಏಕೆ ಬೇರೆಯೆಂಬುದನ್ನು ವಿಜ್ಞಾನಿಗಳು ಬಹುಕಾಲ ಶೋಧಿಸಿ ತಿಳಿಸಿದ್ದಾರೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿದ್ವಾಂಸನು ನಮ್ಮ ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿರಿಸಿ ನೋಡಿದನು. ಬಿಸಿಲು ಕಾಣದಿದ್ದರೂ ಆ ಗಿಡ ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ಇರುಳಿನ ಹೊತ್ತಿಗೆ ಮಡಚಿತು. ಹೊತ್ತು ತಿಳಿಸುವ ಏರ್ಪಾಡು ಗಿಡದ ಒಳಗೇ ಇತ್ತು. ಅಂತಹ ಏರ್ಪಾಡು ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮನುಷ್ಯನ ಮೆದುಳಿನಲ್ಲಿಯೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಎಡೆಯ ಮೇಲುಗಡೆ ಇಂತಹ ಗಡಿಯಾರವಿದೆ. ಕಣ್ಣಿಗೆ ಬೀಳುವ ಬೆಳಕೇ ಅದಕ್ಕೆ ಕೀಲಿ. ಕತ್ತಲಾದಾಗ ಮೆಲಟೋನಿನ್ ಎಂಬ ರಸ ಸ್ರವಿಸುತ್ತದೆ, ಬೆಳಗಿನ ಜಾವ ಮೈಯ ಶಾಖ ತೀರ ಇಳಿಯುತ್ತದೆ, ಆಗಲೇ ಎಚ್ಚರವೂ ಮನೋಧೈರ್ಯವೂ ಕುಗ್ಗುವುದು. ಮೂರು ಗಂಟೆಗೆ ಕಣ್ಣು ತುಂಬಿದ ಗಂಡಸು ಹೇಡಿಯಲ್ಲ. ಅವನ ದೇಹದ ಗಡಿಯಾರ ಇದು ಮಲಗುವ ಹೊತ್ತು ಎಂದು ಸಾರುತ್ತಿದೆ, ಅವನ ಹೊಟ್ಟೆಪಾಡು ಎಚ್ಚರವಿರು ಎಂದು ಹೇಳುತ್ತಿದೆ.

ನಾಲ್ಕು ದಿನ ಹೋದರೆ ರೂಢಿಯಾಗುತ್ತದೆ ಎಂಬುದು ಎಲ್ಲರೂ ಹೇಳುವ ಸಮಾಧಾನ. ಮನಸ್ಸಿಗೆ ತಕ್ಕಮಟ್ಟಿಗೆ ರೂಢಿಯಾಗುವುದು ನಿಜ. ಮೊದಲ ಕೆಲವು ವಾರಗಳ ಕಳವಳ ಬಹುಜನರಲ್ಲಿ ತಗ್ಗುತ್ತದೆ. ಆದರೆ ದೇಹದ ಗಡಿಯಾರ ಪೂರ್ತಿ ತಿರುವು ಹಾಕುವುದು ಅತಿ ವಿರಳ. ಮನೆಗೆ ಬರುವ ದಾರಿಯಲ್ಲಿ ಮುಂಜಾನೆಯ ಬಿಸಿಲು ಬಿದ್ದೊಡನೆ, ರಜೆಯ ದಿನ ಎಲ್ಲರಂತೆ ರಾತ್ರಿ ಮಲಗಿದೊಡನೆ ಅದು ಹಳೆಯ ಲೆಕ್ಕಕ್ಕೆ ಮರಳುತ್ತದೆ. ಹಗಲಿನ ನಿದ್ರೆ ಇರುಳಿನ ನಿದ್ರೆಗಿಂತ ಸಾಮಾನ್ಯವಾಗಿ ಒಂದೆರಡು ಗಂಟೆಯಾದರೂ ಕಡಿಮೆಯಾಗುತ್ತದೆ. ವರ್ಷಾನುಗಟ್ಟಲೆ ರಾತ್ರಿ ದುಡಿದವರಲ್ಲಿ ಖಿನ್ನತೆ, ಸಕ್ಕರೆ ಕಾಯಿಲೆ, ಹೃದ್ರೋಗಗಳು ಹೆಚ್ಚಾಗಿ ಕಾಣುತ್ತವೆಂದು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2007ರಲ್ಲಿ, ಮತ್ತೆ 2019ರಲ್ಲಿ ರಾತ್ರಿ ಪಾಳಿಯನ್ನು ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಗತಿಗಳ ವರ್ಗಕ್ಕೆ ಸೇರಿಸಿತು. ಯಾರನ್ನೂ ಹೆದರಿಸಿ ನೌಕರಿ ಬಿಡಿಸಲು ನಾವಿದನ್ನು ಹೇಳುತ್ತಿಲ್ಲ. ಹಗಲು ನಿದ್ರೆಯನ್ನು ಸೋಮಾರಿತನವೆಂದು ಹಂಗಿಸುವ ಬಾಯಿಗಳು ಇಷ್ಟನ್ನಾದರೂ ಅರಿಯಲಿ.

ಆ ತಾಯಿ ಕೇಳಿದ ಪೂಜೆಯ ಪ್ರಶ್ನೆಗೆ ಬರೋಣ. ಈ ಅಳುಕು ನಮ್ಮ ಮನೆತನಗಳ ಅನೇಕ ಮಕ್ಕಳನ್ನು ಒಳಗೊಳಗೇ ಕೊರೆಯುತ್ತಿದೆ. ತ್ರಿಕಾಲ ಪೂಜೆಯ ಸಂಪ್ರದಾಯ ನಮ್ಮಲ್ಲಿದೆ. ಹಿರಿಯರು ಸೂರ್ಯೋದಯಕ್ಕೆ ಮುನ್ನ ಮಿಂದು ಪೂಜೆ ಮಾಡಿಕೊಂಡವರು. ಆದರೆ ಸ್ಥಾವರಲಿಂಗದ ಗುಡಿಗೆ ಬಾಗಿಲು ತೆರೆಯುವ, ಮುಚ್ಚುವ ಸಮಯವುಂಟೇ ಹೊರತು ಅಂಗದ ಮೇಲಿನ ಇಷ್ಟಲಿಂಗಕ್ಕೆ ಬಾಗಿಲೆಲ್ಲಿಯದು? ರಾತ್ರಿಯ ಕಿಲ್ನಿನ ಎದುರಿನಲ್ಲಿಯೂ ಅದು ಅವನ ಎದೆಯ ಮೇಲೆಯೇ ಇತ್ತು. ಮಲಗಿ ಎದ್ದ ಹೊತ್ತೇ ಅವನ ಪ್ರಾತಃಕಾಲ. ನಾವು ಆ ತರುಣನಿಗೆ ಹೇಳಿಕಳುಹಿಸಿದ್ದು ಇಷ್ಟು: ಬೆಳಿಗ್ಗೆ ಬಂದೊಡನೆ ಮೈಗೆ ನೀರು ಹಾಕಿಕೋ, ವಿಭೂತಿ ಧರಿಸು, ಒಂದು ಕ್ಷಣ ಲಿಂಗದರ್ಶನ ಮಾಡಿ ಮಲಗು. ತೂಕಡಿಸುತ್ತ ದೀರ್ಘ ಪೂಜೆಗೆ ಕೂಡಬೇಡ. ದೃಷ್ಟಿಯನ್ನು ಲಿಂಗದಲ್ಲಿ ನಿಲ್ಲಿಸುವ ಯೋಗಕ್ಕೆ ನಿದ್ರೆಗಣ್ಣು ತಕ್ಕುದಲ್ಲ. ಮಧ್ಯಾಹ್ನ ಎದ್ದು, ಮಿಂದು, ಸಾವಧಾನದಿಂದ ಪೂಜೆ ಮಾಡಿಕೋ. ಆ ಬೆಳಗಿನ ಒಂದು ಕ್ಷಣಕ್ಕೆ ಬೇರೊಂದು ಪ್ರಯೋಜನವೂ ಉಂಟು. ಕಾರ್ಖಾನೆಯ ಗದ್ದಲವನ್ನು ಹೊಸ್ತಿಲಾಚೆ ಬಿಟ್ಟು ಬರಲು ಮನಸ್ಸಿಗೆ ಒಂದು ಗಡಿ ಬೇಕು. ನೀರು, ವಿಭೂತಿ, ಮೌನಗಳು ಆ ಗಡಿಯನ್ನು ಎಳೆಯುತ್ತವೆ. ಶ್ರಾವಣದಲ್ಲಿ ಒಪ್ಪತ್ತು ಮಾಡುವವರಿಗೂ ಒಂದು ಮಾತು. ಬೆಂಕಿಯ ಬಳಿ ಇರುಳೆಲ್ಲ ದುಡಿಯುವವನು ಬರಿಹೊಟ್ಟೆಯಲ್ಲಿ ಹೋಗುವುದು ವ್ರತವಲ್ಲ, ಅಪಾಯ. ಸಕ್ಕರೆ ಕಾಯಿಲೆಯವರಂತೂ ವೈದ್ಯರನ್ನು ಕೇಳದೆ ಇಂತಹ ಉಪವಾಸಕ್ಕೆ ಕೈಹಾಕಲೇಬಾರದು.

ಶೂನ್ಯಸಂಪಾದನೆಯಲ್ಲಿ ನುಲಿಯ ಚಂದಯ್ಯನ ಪ್ರಸಂಗ ಬರುತ್ತದೆ. ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ನೀರಿಗೆ ಬೀಳುತ್ತದೆ. ಅವನು ಹಗ್ಗ ಹೊಸೆಯುವ ತನ್ನ ಕಾಯಕವನ್ನು ಬಿಡದೆ ನಡೆಯುತ್ತಾನೆ. ಲಿಂಗವೇ ಅವನ ಬೆನ್ನುಹತ್ತುತ್ತದೆ. ಕಾಯಕದ ಮಹಿಮೆಗೆ ಈ ಕಥೆಯನ್ನು ಹೇಳಿ ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ; ಶರಣರು ಚಂದಯ್ಯನೊಡನೆ ಚರ್ಚಿಸಿ, ಅವನು ಲಿಂಗವನ್ನು ಮತ್ತೆ ಸ್ವೀಕರಿಸುವಂತೆ ಮಾಡುತ್ತಾರೆ. ಕಾಯಕವೊಂದೇ ಸಾಕೆಂದು ಅನುಭಾವಿಗಳು ಬಿಡಲಿಲ್ಲ. ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ಕಾಯವನ್ನು ಸವೆಸಿ ಕೆಡವುವ ದುಡಿತಕ್ಕೆ ಕಾಯಕವೆಂಬ ಹೆಸರಿಟ್ಟು ಪೂಜ್ಯತೆ ಕೊಡುವುದು ಈಚಿನ ದಿನಗಳ ಒಂದು ಚಾಳಿ, ಅಷ್ಟೆ.

ಈ ಚಾಳಿ ಹೆಚ್ಚಾಗಿ ಕಾಣುವುದು ಡಬಲ್ ಡ್ಯೂಟಿಯ ವಿಷಯದಲ್ಲಿ. ರಾತ್ರಿ ಪಾಳಿ ಮುಗಿಸಿದವನು ಬದಲಿಯವನು ಬಾರದಿದ್ದರೆ ಬೆಳಗಿನ ಪಾಳಿಯನ್ನೂ ಮಾಡಿ ಬರುತ್ತಾನೆ, ಓ.ಟಿ. ಹಣ ಕೈಗೆ ಬರುತ್ತದೆ. ಸಾಲದ ಕಂತು, ತಂಗಿಯ ಮದುವೆ, ತಂದೆಯ ಔಷಧ, ಇವೆಲ್ಲ ನಿಜವಾದ ಅಗತ್ಯಗಳೇ. ಅಂತಹವನನ್ನು ದೂರಲು ನಮಗೆ ಅಧಿಕಾರವಿಲ್ಲ. ಆದರೆ ಅಗತ್ಯ ಮುಗಿದ ಮೇಲೂ ಡಬಲ್ ಡ್ಯೂಟಿ ಮುಂದುವರಿಯುವ ಮನೆಗಳನ್ನೂ ಕಂಡಿದ್ದೇವೆ. ಮೋಟಾರ್ ಸೈಕಲ್ಲಿನ ಬದಲಿಗೆ ಕಾರು, ಇದ್ದ ಮನೆಯ ಮೇಲೆ ಇನ್ನೊಂದು ಅಂತಸ್ತು. ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಹೆಚ್ಚಿನ ಅಕ್ಕಿಯನ್ನು ಬೇಡವೆಂದವಳು ಮನೆಯ ಹೆಂಡತಿ ಎಂಬುದನ್ನು ಗಮನಿಸಬೇಕು. "ಈ ವಾರ ಓ.ಟಿ. ಬ್ಯಾಡ, ಮನ್ಯಾಗ ಮಲಗು" ಎಂದು ಹೇಳಬಲ್ಲ ಹೆಂಡತಿ, ಹೇಳಬಲ್ಲ ತಾಯಿ ಮನೆಯಲ್ಲಿದ್ದರೆ ಆ ದುಡಿಮೆಗಾರನ ಎದೆಯ ಭಾರ ಎಷ್ಟೋ ಇಳಿಯುತ್ತದೆ. ಮನೆಯವರು ಬಾಯಿಬಿಟ್ಟು ಹೇಳುವವರೆಗೆ, ತನ್ನ ಹಣವೇ ಇವರಿಗೆ ಬೇಕಾದುದು ಎಂದು ಅವನು ತಿಳಿದುಕೊಂಡಿರುತ್ತಾನೆ.

ಇನ್ನು ನಿದ್ರೆಯ ವ್ಯವಸ್ಥೆ. ಹಳೆಯ ಮಾಳಿಗೆ ಮನೆಗಳ ಒಳಕೋಣೆ ಹಗಲಿನಲ್ಲಿಯೂ ಕತ್ತಲೆಯಾಗಿ, ಬೇಸಿಗೆಯಲ್ಲಿಯೂ ತಂಪಾಗಿ ಇರುತ್ತಿತ್ತು. ರಾತ್ರಿ ಪಾಳಿಯವನಿಗೆ ಅದಕ್ಕಿಂತ ಮೇಲಾದ ಮಲಗುವ ಮನೆಯಿಲ್ಲ. ಅದನ್ನು ಕೆಡವಿ ಆರ್.ಸಿ.ಸಿ. ಹಾಕಿದ್ದೇವೆ, ಬಡವರು ತಗಡು ಹೊದಿಸಿದ್ದಾರೆ. ಬಿಸಿಲು 42 ಡಿಗ್ರಿ ದಾಟುವ ನಮ್ಮ ವೈಶಾಖದಲ್ಲಿ ತಗಡಿನ ಕೆಳಗೆ ಹಗಲು ಮಲಗುವುದು ಶಿಕ್ಷೆಯೇ ಸರಿ. ಅಂತಹವರು ಊರಲ್ಲಿ ಮಣ್ಣಿನ ಮಾಳಿಗೆಯಿರುವ ಬಂಧುಗಳ ಮನೆಯಲ್ಲಿ ಒಂದು ಮೂಲೆ ಕೇಳಿಕೊಳ್ಳುವುದರಲ್ಲಿ ಕೀಳೇನೂ ಇಲ್ಲ. ಕಿಟಕಿಗೆ ಹಳೆಯ ಕೌದಿಯೊಂದನ್ನು ದಪ್ಪನಾಗಿ ಇಳಿಬಿಟ್ಟರೆ ಬೆಳಕು ನಿಲ್ಲುತ್ತದೆ. ಫ್ಯಾನಿನ ಒಂದೇ ಸಮನಾದ ಸದ್ದು ಓಣಿಯ ಗದ್ದಲವನ್ನು ಮರೆಸುತ್ತದೆ. ಮೊಬೈಲನ್ನು ಆ ಕೋಣೆಯ ಹೊರಗಿರಿಸಿ, ಕರೆ ಬಂದರೆ ಮನೆಯವರೇ ಮಾತಾಡಲಿ. ಹಾಲಿನವನು, ಬಡ್ಡಿಯವನು, ಲಗ್ನಪತ್ರಿಕೆ ಕೊಡಲು ಬಂದ ಬೀಗರು, ಯಾರೇ ಬಂದರೂ ಎಬ್ಬಿಸಕೂಡದು. ರಾತ್ರಿ ಎರಡು ಗಂಟೆಗೆ ಬಂದು ಬಾಗಿಲು ಬಡಿದು ಲಗ್ನಪತ್ರಿಕೆ ಕೊಟ್ಟರೆ ನಮಗೆ ಹೇಗಾಗುತ್ತದೆಯೋ ಬೆಳಿಗ್ಗೆ ಹನ್ನೊಂದಕ್ಕೆ ಅವನಿಗೆ ಹಾಗಾಗುತ್ತದೆ.

ಪಾಳಿಗೆ ಹೋಗುವ ಮುನ್ನ ಸಂಜೆ ಒಂದೂವರೆ ಗಂಟೆ ಮಲಗಿದರೆ ನಡುರಾತ್ರಿ ಹಗುರವಾಗುತ್ತದೆ. ಊಟವನ್ನು ಮನೆಯವರೊಡನೆ ಹೊರಡುವ ಮೊದಲೇ ಮುಗಿಸಬೇಕು. ಹನ್ನೆರಡರ ಮೇಲೆ ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿ ಬೇಡ. ಬುತ್ತಿಯಲ್ಲಿ ಒಂದು ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಒಂದು ಬಾಳೆಹಣ್ಣು ಸಾಕು. ಚಹಾದ ಗುಣ ಮೈಯಲ್ಲಿ ಐದಾರು ಗಂಟೆ ನಿಲ್ಲುವುದರಿಂದ ರಾತ್ರಿ ಎರಡರ ಮೇಲೆ ಅದನ್ನು ಬಿಡುವುದು ಲೇಸು. ಎಚ್ಚರಕ್ಕೆಂದು ಗುಟ್ಕಾ, ನಿದ್ರೆಗೆಂದು ಸೆರೆ, ಇವೆರಡೂ ಪಾಳಿಯ ಗೆಳೆತನದಲ್ಲಿ ಬಲು ಬೇಗ ಅಂಟುತ್ತವೆ. ಸೆರೆಯಿಂದ ಬರುವುದು ಮಂಪರು. ಒಂದೆರಡು ತಾಸಿಗೆ ಎಚ್ಚರವಾಗಿ ಮನಸ್ಸು ಮೊದಲಿಗಿಂತ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಮನೆಗೆ ಮರಳುವ ದಾರಿಯ ಬಗ್ಗೆಯೂ ಹೆತ್ತವರು ಎಚ್ಚರ ವಹಿಸಬೇಕು. ಸಿಮೆಂಟು, ಬೂದಿ, ಕಲ್ಲು ಹೊತ್ತ ಲಾರಿಗಳ ನಡುವೆ ನಿದ್ರೆಗಣ್ಣಿನಲ್ಲಿ ಮೋಟಾರ್ ಸೈಕಲ್ ಓಡಿಸುವುದು ಯಮನೊಡನೆ ಸರಸ. ಕಣ್ಣು ಭಾರವೆನಿಸಿದರೆ ಗೇಟಿನೊಳಗೇ ಇಪ್ಪತ್ತು ನಿಮಿಷ ತಲೆಯೊರಗಿಸಿ ಹೊರಡಲಿ. ಕಂಪನಿಯ ಬಸ್ಸಿದ್ದರೆ ಇನ್ನೂ ಒಳ್ಳೆಯದು. ಮನುಷ್ಯನ ಎಚ್ಚರ ತಗ್ಗುವ ಈ ಹೊತ್ತಿನ ಬೆಲೆಯನ್ನು ಲೋಕ ದೊಡ್ಡ ಪ್ರಮಾಣದಲ್ಲಿಯೂ ತೆತ್ತಿದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ, 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ಲಿನ ಸ್ಫೋಟ ಎರಡೂ ನಡುರಾತ್ರಿಯ ಆಸುಪಾಸಿನವು. ಅವುಗಳ ಮೂಲ ಕಾರಣಗಳು ಬೇರೆಯವೂ ಹಲವು, ಆದರೆ ಹೊತ್ತು ಮಾತ್ರ ರಾತ್ರಿ ಪಾಳಿಯದು.

ಪಾಳಿ ವಾರವಾರಕ್ಕೆ ಬದಲಾಗುವ ಕಡೆ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಹೀಗೆ ಮುಂದುಮುಂದಕ್ಕೆ ಸರಿಯುವುದು ದೇಹಕ್ಕೆ ಸುಲಭ; ಹಿಂದುಹಿಂದಕ್ಕೆ ಸರಿಯುವುದು ಕಷ್ಟ. ತಡವಾಗಿ ಮಲಗುವುದು ಯಾರಿಗೂ ಸಾಧ್ಯ, ನಿದ್ರೆಯೇ ಬಾರದ ಹೊತ್ತಿಗೆ ಮಲಗುವುದು ಸಾಧ್ಯವಿಲ್ಲ, ಅದೇ ಕಾರಣ. ಪಟ್ಟಿ ಬರೆಯುವ ಮೇಲಧಿಕಾರಿಗಳಲ್ಲಿ ನಮ್ಮ ಸಮಾಜದವರೂ ಇದ್ದಾರೆ. ಈ ಲೆಕ್ಕ ಅವರ ಕಿವಿಗೆ ಬೀಳಲಿ.

ಮಗನ ಮಾತಾಯಿತು. ಮಗಳು, ಸೊಸೆಯರ ಮಾತು? 1948ರ ಕಾರ್ಖಾನೆಗಳ ಕಾಯ್ದೆಯು ಸ್ತ್ರೀಯರನ್ನು ಸಂಜೆ ಏಳರಿಂದ ಬೆಳಗಿನ ಆರರವರೆಗೆ ದುಡಿಸದಂತೆ ತಡೆದಿತ್ತು. 2019ರಲ್ಲಿ ಕರ್ನಾಟಕ ಸರ್ಕಾರವು ಅವರ ಒಪ್ಪಿಗೆ ಹಾಗೂ ರಕ್ಷಣೆಯ ನಿಬಂಧನೆಗಳೊಡನೆ ರಾತ್ರಿ ಪಾಳಿಗೆ ಅವಕಾಶವಿತ್ತಿತು. ದಾದಿಯರಾದರೋ ಎಂದಿನಿಂದಲೂ ರಾತ್ರಿ ದುಡಿಯುತ್ತ ಬಂದವರು. ಬೆಂಗಳೂರು, ಹೈದರಾಬಾದ್, ಪುಣೆಗಳ ಕಚೇರಿಗಳಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ದುಡಿಯುವ ನಮ್ಮ ಹೆಣ್ಣುಮಕ್ಕಳಿಗೂ ಕೊರತೆಯಿಲ್ಲ. ರಾತ್ರಿಯೆಲ್ಲ ವಾರ್ಡಿನಲ್ಲಿ ನಿಂತು ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದ ಸೊಸೆಯ ಮುಂದೆ ಏನು ಕಾದಿರುತ್ತದೆ? ರೊಟ್ಟಿ ಬಡಿಯುವುದು, ಮಕ್ಕಳನ್ನು ಶಾಲೆಗೆ ಕಳುಹಿಸುವುದು, ಅತ್ತೆ ಮಾವಂದಿರ ಔಷಧ, ಅರಿವೆ ತೊಳೆಯುವುದು. ಅವಳು ತಲೆಯೊರಗಿಸುವ ಹೊತ್ತಿಗೆ ಹನ್ನೆರಡು. ಮಕ್ಕಳು ಮರಳಿ ಬರುವುದು ನಾಲ್ಕಕ್ಕೆ. ಮಗ ಮಲಗಿದಾಗ ಕೋಣೆಯ ಬಾಗಿಲು ಮುಚ್ಚಿ ಓಣಿಯ ಹುಡುಗರನ್ನು ಗದರಿಸುವ ಮನೆಯಲ್ಲಿಯೇ ಸೊಸೆ ಮಲಗಿದರೆ ಪಾತ್ರೆಗಳ ಸದ್ದು ಬೇಕೆಂದೇ ಜೋರಾಗುತ್ತದೆ. ಇದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಅನುಭವ ಮಂಟಪದಲ್ಲಿ ಹೆಣ್ಣು ಗಂಡುಗಳಿಗೆ ಸಮನಾದ ಆಸನವಿತ್ತೆಂದು ಬಸವ ಜಯಂತಿಯ ವೇದಿಕೆಯಿಂದ ಭಾಷಣ ಮಾಡುವ ಗೃಹಸ್ಥರು ಮನೆಗೆ ಹೋಗಿ ಸೊಸೆಗೆ ಆರು ಗಂಟೆಯ ನಿದ್ರೆ ಒದಗಿಸಿದ್ದೇವೆಯೇ ಎಂದು ನೋಡಿಕೊಳ್ಳಲಿ. ಬೆಳಗಿನ ರೊಟ್ಟಿಯನ್ನು ಅತ್ತೆ ಬಡಿಯಬಹುದು, ಮಕ್ಕಳ ಜಡೆಯನ್ನು ಗಂಡನೇ ಹಾಕಬಹುದು. ಕಲಿತರೆ ಬಾರದ ವಿದ್ಯೆಯೇನಲ್ಲ.

ಗಂಡ ಹೆಂಡಿರ ನಡುವಣ ಸಂಗತಿಯನ್ನು ನಮ್ಮಂತಹವರು ಮುಟ್ಟಬಾರದೆನ್ನುವವರಿದ್ದಾರೆ. ಆದರೂ ಹೇಳಬೇಕು. ಒಬ್ಬರು ಬರುವಾಗ ಇನ್ನೊಬ್ಬರು ಹೊರಡುವ ಮನೆಗಳಲ್ಲಿ ವಾರಗಟ್ಟಲೆ ಎರಡು ಮಾತಿಗೂ ಎಡೆಯಿರುವುದಿಲ್ಲ. ಮಾತು ಕಡಿಮೆಯಾದಲ್ಲಿ ಸಂಶಯ ಬೆಳೆಯುತ್ತದೆ, ಸಂಶಯಕ್ಕೆ ನೀರೆರೆಯುವ ಸಂಬಂಧಿಕರು ಇದ್ದೇ ಇರುತ್ತಾರೆ. ದಿನಕ್ಕೊಂದು ಹೊತ್ತಾದರೂ, ಸಂಜೆಯ ಊಟವೋ ಮಧ್ಯಾಹ್ನದ ಚಹವೋ, ಇಬ್ಬರೂ ಕೂಡಿ ಕುಳಿತುಕೊಳ್ಳುವ ಗಳಿಗೆಯನ್ನು ಗೊತ್ತುಮಾಡಿಕೊಂಡು ಅದಕ್ಕೆ ಯಾರೂ ಅಡ್ಡ ಬಾರದಂತೆ ನೋಡಿಕೊಳ್ಳಬೇಕು. ಮಕ್ಕಳಿಗೂ ತಂದೆ ಯಾವಾಗ ಏಳುತ್ತಾನೆಂಬುದು ಗೊತ್ತಿದ್ದರೆ ಕಾಯುತ್ತವೆ. ಗೊತ್ತಿಲ್ಲದಿದ್ದರೆ ತಂದೆಯೆಂದರೆ ಸದಾ ಮಲಗಿರುವವನು, ಗದರಿಸುವವನು ಎಂದು ತಿಳಿದುಕೊಳ್ಳುತ್ತವೆ.

ಹೊಸಬರ ಕಳವಳ ಒಂದೆರಡು ತಿಂಗಳಲ್ಲಿ ತಗ್ಗದೆ ಹೆಚ್ಚುತ್ತ ಹೋದರೆ ಅದನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕಕೂಡದು. ರಜೆಯ ದಿನವೂ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಹಿಂದೆ ಪ್ರಿಯವಾಗಿದ್ದ ಭಜನೆ, ಗೆಳೆತನಗಳೆಲ್ಲ ಬೇಸರವಾಗುವುದು, ಬದುಕೇ ಬೇಡವೆಂಬ ಮಾತು ಆಡುವುದು ಕಂಡುಬಂದರೆ ತಡಮಾಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಂತ್ರ, ತಾಯಿತ ಕಟ್ಟಿಸಿ ದಿನ ಕಳೆಯುವ ಹೊತ್ತಲ್ಲ ಅದು. ಜಿಲ್ಲಾ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ನಡೆಯುವ ಇದಕ್ಕೆ ಖರ್ಚಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ನಡುರಾತ್ರಿ ಮೂರು ಗಂಟೆಗೆ ಒಂಟಿತನ ಕಾಡಿದವನ ಕರೆಗೆ ಓಗೊಡಲು ಆ ಕಡೆಯೂ ಯಾರೋ ಒಬ್ಬರು ರಾತ್ರಿ ಪಾಳಿಯಲ್ಲಿ ಕುಳಿತಿರುತ್ತಾರೆ. ಮೂರ್ಛೆರೋಗ, ತೀವ್ರ ಸಕ್ಕರೆ ಕಾಯಿಲೆ, ಹಿಂದೊಮ್ಮೆ ಮನೋರೋಗ ಬಂದು ಹೋದವರು ರಾತ್ರಿ ಪಾಳಿಗೆ ಒಪ್ಪುವ ಮೊದಲೇ ವೈದ್ಯರ ಪತ್ರ ಪಡೆದು ಹಗಲು ಪಾಳಿ ಕೇಳುವುದು ಉತ್ತಮ. ಕೇಳಲು ನಾಚಿಕೆಯೇಕೆ?

ಕೊನೆಯದಾಗಿ ನಮ್ಮ ಮಠಗಳ, ಜಾತ್ರಾ ಸಮಿತಿಗಳ ಹಿರಿಯರಲ್ಲಿ ಒಂದು ಬಿನ್ನಹ. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ತಡೆಯುತ್ತವೆ. ರಾತ್ರಿ ಮಲಗುವವರಿಗೆ ಅದರಿಂದ ರಕ್ಷಣೆಯುಂಟು. ಹಗಲು ಮಲಗುವವರಿಗಾಗಿ ಅಂತಹ ಗಳಿಗೆಯನ್ನು ಯಾರೂ ಕಾದಿರಿಸಿಲ್ಲ. ವಸತಿಯ ಓಣಿಗಳಲ್ಲಿ ಹಗಲಿನ ಸದ್ದು 55 ಡೆಸಿಬೆಲ್ ಮೀರಬಾರದೆಂದು ಅದೇ ನಿಯಮ ಹೇಳುತ್ತದೆಯಾದರೂ ಗುಡಿಯ ಮೈಕು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದನ್ನು ನಾವು ಕಾಣೆವು. ಶ್ರಾವಣ ಮಾಸದಲ್ಲಿ ಬೆಳಗಿನ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಮೈಕಿನ ಬಾಯಿಯನ್ನು ಮಠದ ಅಂಗಳಕ್ಕಷ್ಟೇ ತಿರುಗಿಸಿಡೋಣ. ಸಂಜೆಯ ಪುರಾಣ ಏಳಕ್ಕೆ ಆರಂಭವಾದರೆ ರಾತ್ರಿ ಪಾಳಿಯವರಿಗೆ ಅದು ಎಂದೂ ದಕ್ಕುವುದಿಲ್ಲ. ಅವರು ಆ ಹೊತ್ತು ಒಂದು ನಿದ್ರೆ ತೆಗೆಯುತ್ತಿರುತ್ತಾರೆ ಅಥವಾ ಬುತ್ತಿ ಕಟ್ಟಿಕೊಳ್ಳುತ್ತಿರುತ್ತಾರೆ. ವಾರಕ್ಕೊಂದು ದಿನ ಇಳಿಹೊತ್ತು ನಾಲ್ಕಕ್ಕೆ ಅರ್ಧ ತಾಸಿನ ಪ್ರವಚನವನ್ನು ಅವರಿಗಾಗಿಯೇ ಇಟ್ಟುಕೊಂಡರೆ ಬರುತ್ತಾರೆ. ಬರುವ ಶ್ರಾವಣದಿಂದ ಗುರುವಾರಗಳಂದು ಅಂತಹ ಒಂದು ಪ್ರವಚನಕ್ಕೆ ನಾವು ಬರಲು ಸಿದ್ಧರಿದ್ದೇವೆ. ಯಾವ ಯಾವ ಊರುಗಳಲ್ಲಿ ರಾತ್ರಿ ಪಾಳಿಯವರು ಹತ್ತು ಜನರಾದರೂ ಇದ್ದಾರೋ ಅಲ್ಲಿನ ಭಕ್ತರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದು ತಿಳಿಸಬಹುದು.